ಉತ್ತರ: ವಿಮಾನದಲ್ಲಿ ವೀಣೆ ಮತ್ತು ವಯೊಲಿನ್ ಒಯ್ಯುವುದು

ನಮಸ್ಕಾರ. ವಯೊಲಿನ್ ಮತ್ತು ಸರಸ್ವತಿ ವೀಣೆ ಎರಡನ್ನೂ ವಿಮಾನದಲ್ಲಿ ಒಯ್ಯಬೇಕಾಗಿದೆ, ಮೇಲೆ ಹೋದಾಗ ಗಾಳಿಯ ಒತ್ತಡ ಇಳಿದು ವೀಣೆಯ ಕೊಡ (ಅದರ ದುಂಡನೆಯ ಮರದ ಒಡಲು) ಸೀಳುತ್ತದೆಯೇ, ತಂತಿಗಳನ್ನೆಲ್ಲ ಬಿಚ್ಚಿಬಿಡಬೇಕೇ ಎಂದು ಕೇಳಿದ್ದೀರಿ. ಆಗಲೇ ಕೆಲವರು "ಎಲ್ಲ ಬಿಚ್ಚಿ" ಎಂದು ಬರೆದಿರುವುದರಿಂದ ಮೊದಲು ಅದನ್ನೇ ತಡೆಯುತ್ತೇನೆ: ಬಿಚ್ಚಬೇಡಿ.

ಒತ್ತಡದ ಭಯಕ್ಕೆ ಆಧಾರವಿಲ್ಲ. ಪ್ರಯಾಣಿಕರ ಜೆಟ್ ವಿಮಾನದಲ್ಲಿ ನಾವು ಕೂರುವ ಕ್ಯಾಬಿನ್ನಿನಲ್ಲೂ ಕೆಳಗಿನ ಸಾಮಾನಿನ ಕೋಣೆಯಲ್ಲೂ ಇರುವುದು ಒಂದೇ ಒತ್ತಡ. ಅದು ಹೆಚ್ಚೆಂದರೆ ಸುಮಾರು 2,400 ಮೀಟರ್ ಎತ್ತರದ ಬೆಟ್ಟದ ಮೇಲಿನ ಒತ್ತಡದಷ್ಟಿರುತ್ತದೆ. ಜೊತೆಗೆ ವಯೊಲಿನ್ನಿಗೂ ವೀಣೆಗೂ ನಾದರಂಧ್ರಗಳಿವೆ. ಒಳಗಿನ ಗಾಳಿ ಸರಾಗವಾಗಿ ಹೊರಗೆ ಹೋಗುತ್ತದೆ, ಬರುತ್ತದೆ. ವಾದ್ಯ ಹಾಳಾಗುವುದು ಆಕಾಶದಲ್ಲಿ ಅಲ್ಲ, ಹೆಚ್ಚಾಗಿ ನೆಲದ ಮೇಲೆ. ಎತ್ತಿ ಎಸೆಯುವಾಗ, ವಿಮಾನದ ಪಕ್ಕದಲ್ಲಿ ಬಿಸಿಲಿಗೆ ಕಾಯುವಾಗ. ಹಾರಾಟದ ಪಾಲಿಗೆ ಬರುವ ಮುಖ್ಯ ತೊಂದರೆ ಒಣಹವೆ: ದೂರದ ಪ್ರಯಾಣದಲ್ಲಿ ಕ್ಯಾಬಿನ್ನಿನ ಆರ್ದ್ರತೆ ಶೇಕಡ 20ಕ್ಕಿಂತ ಕೆಳಗಿಳಿಯುವುದು ಮಾಮೂಲು, ಮರದ ವಾದ್ಯಕ್ಕೆ ಹಿತವಾದದ್ದು 40ರಿಂದ 60.

ಇನ್ನು ಟಿಕೆಟ್. ಅರ್ಧ ಕೆಲಸ ಮುಗಿಯುವುದೇ ಇಲ್ಲಿ. ಅಗ್ಗದ ಟಿಕೆಟ್ ಸಿಕ್ಕಿತೆಂದು ಮೊದಲು ಕೊಂಡು, ಆಮೇಲೆ ವಾದ್ಯದ ನಿಯಮ ಓದುವವರೇ ಹೆಚ್ಚು. ನೇರ ವಿಮಾನವಿದ್ದರೆ ಸ್ವಲ್ಪ ದುಬಾರಿಯಾದರೂ ಅದನ್ನೇ ಹಿಡಿಯಿರಿ. ಒಂದೊಂದು ವಿಮಾನ ಬದಲಾವಣೆಯೂ ಪೆಟ್ಟಿಗೆ ಇನ್ನೆರಡು ಸಲ ಕೈಬದಲಾಗುವ ಅವಕಾಶ. ಯಾವ ಮಾದರಿಯ ವಿಮಾನ ಎಂಬುದನ್ನೂ ನೋಡಿಕೊಳ್ಳಿ. ಎಟಿಆರ್ 72ರಂಥ ಸಣ್ಣ ವಿಮಾನಗಳಲ್ಲಿ ತಲೆಯ ಮೇಲಿನ ಸಾಮಾನಿನ ಗೂಡು ಕಿರಿದು.

ವಯೊಲಿನ್ನಿನ ಕಥೆ ಸುಲಭ. ಅದು ನಿಮ್ಮ ಜೊತೆಯಲ್ಲೇ ಬರಬೇಕು, ಕೆಳಗೆ ಹೋಗಕೂಡದು. ದೊಡ್ಡವರ ಅಳತೆಯ ವಯೊಲಿನ್ ಸುಮಾರು 60 ಸೆಂಟಿಮೀಟರ್ ಉದ್ದ, ಆಯತಾಕಾರದ ಪೆಟ್ಟಿಗೆ 80ರ ಹತ್ತಿರ. ಕೈಚೀಲಕ್ಕೆ ಬಹಳ ಸಂಸ್ಥೆಗಳು ಕೊಡುವ ಉದ್ದ 55 ಸೆಂಟಿಮೀಟರಿನ ಆಸುಪಾಸು. ಹಾಗಾಗಿ ಕಾಗದದ ಮೇಲೆ ವಯೊಲಿನ್ ಮಿತಿ ಮೀರುತ್ತದೆ, ಆದರೆ ಅನೇಕ ಸಂಸ್ಥೆಗಳು ಸಣ್ಣ ವಾದ್ಯಗಳಿಗೆಂದೇ ಬೇರೆ ನಿಯಮ ಇಟ್ಟಿವೆ. ಆ ಪುಟವನ್ನು ಮುದ್ರಿಸಿ ಕೈಯಲ್ಲಿಟ್ಟುಕೊಳ್ಳಿ. ಬಾಗಿಲಲ್ಲಿ ನಿಂತವರೊಡನೆ ವಾದ ಮಾಡುವುದಕ್ಕಿಂತ ಅವರದೇ ಕಾಗದ ತೋರಿಸುವುದು ಲೇಸು. ಅಮೆರಿಕದ ವಿಮಾನ ಸಂಸ್ಥೆಗಳಿಗಂತೂ 2015ರಿಂದ ಸರ್ಕಾರದ ನಿಯಮವೇ ಇದೆ: ನೀವು ಹತ್ತುವ ಹೊತ್ತಿಗೆ ಮೇಲಿನ ಗೂಡಿನಲ್ಲೋ ಸೀಟಿನ ಕೆಳಗೋ ಜಾಗವಿದ್ದರೆ ಸಣ್ಣ ವಾದ್ಯವನ್ನು ಒಳಗೆ ಬಿಡಲೇಬೇಕು. "ಹತ್ತುವ ಹೊತ್ತಿಗೆ" ಎಂಬುದೇ ಅದರ ಜೀವಾಳ. ಆದ್ದರಿಂದ ಬೇಗ ಹತ್ತುವ ಸೌಲಭ್ಯ ಹಣ ಕೊಟ್ಟರೆ ಸಿಗುವಂತಿದ್ದರೆ ಕೊಡಿ.

ವಯೊಲಿನ್ ತಂತಿಗಳನ್ನು ಒಂದು ಸ್ವರದಷ್ಟು ಇಳಿಸಿದರೆ ಸಾಕು. ಪೂರ್ತಿ ಸಡಿಲಿಸಿದರೆ ಕುದುರೆ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು) ಬೀಳುತ್ತದೆ, ಅದರ ಹಿಂದೆಯೇ ಒಳಗಿನ ಸೌಂಡ್ ಪೋಸ್ಟ್ ಬೀಳಬಹುದು. ಆ ಪುಟ್ಟ ಕಡ್ಡಿಗೆ ಅಂಟಿಲ್ಲ, ತಂತಿಗಳ ಬಿಗಿಯಿಂದಲೇ ಅದು ನಿಂತಿರುವುದು. ಕಮಾನಿನ ಕೂದಲನ್ನು ಮಾತ್ರ ಪೂರ್ತಿ ಸಡಿಲ ಮಾಡಿ. ಒಣಹವೆಗೆ ತಂತಿ ಬಿಗಿಯುವ ಬಿರಡೆಗಳು ಕುಗ್ಗಿ ತಾವಾಗಿಯೇ ಜಾರುವುದುಂಟು, ಇಳಿದ ಮೇಲೆ ನೋಡಿ ಗಾಬರಿಯಾಗಬೇಡಿ.

ಇನ್ನು ವೀಣೆ. ನಿಮ್ಮ ಮುಂದೆ ಎರಡು ದಾರಿಗಳಿವೆ. ಒಂದು, ಅದಕ್ಕೂ ಒಂದು ಸೀಟು ಕೊಳ್ಳುವುದು. ವಯೊಲಿನ್ ಜಾತಿಯ ದೊಡ್ಡ ವಾದ್ಯ ಚೆಲ್ಲೊ ನುಡಿಸುವವರು ಮಾಡುವುದು ಇದನ್ನೇ. ಚೆಲ್ಲೊ ಪೆಟ್ಟಿಗೆ ಕೂರುವ ಜಾಗದಲ್ಲಿ ವೀಣೆ ಕೂರಲು ಕಷ್ಟವಿಲ್ಲ, ಆದರೂ ಅಳತೆ ಕೊಟ್ಟು ಕೇಳಿಕೊಳ್ಳಿ. ಅದನ್ನು ಸಾಮಾನ್ಯವಾಗಿ ಕಿಟಕಿಯ ಪಕ್ಕ ಕೂರಿಸುತ್ತಾರೆ, ತುರ್ತು ನಿರ್ಗಮನದ ಸಾಲಿನಲ್ಲಿ ಬಿಡುವುದಿಲ್ಲ, ಸೀಟ್‌ಬೆಲ್ಟ್ ಕಟ್ಟಲೇಬೇಕು. ಇಂಥ ಸೀಟನ್ನು ಜಾಲತಾಣದಲ್ಲಿ ಇನ್ನೊಬ್ಬ ಪ್ರಯಾಣಿಕನ ಹೆಸರಿನಲ್ಲಿ ಕೊಳ್ಳಬೇಡಿ, ನಿಲ್ದಾಣದಲ್ಲಿ ತೊಡಕಾಗುತ್ತದೆ. ಫೋನ್ ಮಾಡಿ "ಸಿಬಿಬಿಜಿ" ಎಂದು ಕೇಳಿ. ಕ್ಯಾಬಿನ್ ಸಾಮಾನಿಗೆ ಸೀಟು ಕಾದಿರಿಸುವ ಸಂಕೇತ ಅದು. ಒಪ್ಪಿಗೆಯನ್ನು ಇ-ಮೇಲ್‌ನಲ್ಲಿ ತರಿಸಿಕೊಳ್ಳಿ. ಹಳೆಯ, ಒಳ್ಳೆಯ ನಾದದ ವೀಣೆಯಾದರೆ ನಾನು ಎರಡನೆಯ ಮಾತಿಲ್ಲದೆ ಇದನ್ನೇ ಹೇಳುತ್ತೇನೆ.

ಎರಡನೆಯದು ಸಾಮಾನಿನ ಕೋಣೆ. ಸಾಮಾನ್ಯ ಲಗೇಜಿನ ಮಿತಿ ಉದ್ದ, ಅಗಲ, ಎತ್ತರ ಮೂರೂ ಸೇರಿ 158 ಸೆಂಟಿಮೀಟರ್. ವೀಣೆಯ ಪೆಟ್ಟಿಗೆ ಅದನ್ನು ಖಂಡಿತ ಮೀರುತ್ತದೆ, ಹೆಚ್ಚುವರಿ ಶುಲ್ಕ ಎಷ್ಟೆಂದು ಮೊದಲೇ ಕೇಳಿ. ಪೆಟ್ಟಿಗೆ ಗಟ್ಟಿ ಫೈಬರಿನದಾಗಿರಲಿ, ಬಣ್ಣ ಬಿಳಿ ಅಥವಾ ತಿಳಿ. ಇದು ಅಂದಕ್ಕಲ್ಲ. ವೀಣೆಯ 24 ಮೆಟ್ಟಿಲುಗಳೂ (ಸ್ವರಕ್ಕಾಗಿ ತಂತಿಯನ್ನು ಒತ್ತುವ ಪಟ್ಟಿಗಳು) ಕೂತಿರುವುದು ಮೇಣದ ಮೇಲೆ. ಜೇನುಮೇಣ ಕರಗುವುದು ಸುಮಾರು 62ರಿಂದ 64 ಡಿಗ್ರಿಯಲ್ಲಾದರೂ ಮೆತ್ತಗಾಗಲು ಅಷ್ಟು ಬಿಸಿ ಬೇಕಿಲ್ಲ. ಬಿಸಿಲಿನಲ್ಲಿ ಟ್ರಾಲಿಯ ಮೇಲೆ ಕಾದ ಕಪ್ಪು ಪೆಟ್ಟಿಗೆಯೊಳಗೆ ತಂತಿಗಳು ಮೆಟ್ಟಿಲುಗಳನ್ನು ಒತ್ತುತ್ತಿದ್ದರೆ ಏನಾಗುತ್ತದೆಂದು ಯೋಚಿಸಿ. ಸರಕು ಕೋಣೆಯ ಚಳಿಯಲ್ಲಿ ಅದೇ ಮೇಣ ಪೆಡಸಾಗುತ್ತದೆ, ಆಗ ಪೆಟ್ಟು ಬಿದ್ದರೆ ಮೆಟ್ಟಿಲು ಕಿತ್ತು ಬರಬಹುದು. ಬೇಸಿಗೆಯಲ್ಲಾದರೆ ರಾತ್ರಿಯ ಅಥವಾ ನಸುಕಿನ ವಿಮಾನವೇ ಒಳ್ಳೆಯದು.

ತುಂಬುವಾಗ ಸೋರೆ ಬುರುಡೆಯನ್ನು ತಿರುಗಿಸಿ ಕಳಚಿ ಬೇರೆಯಾಗಿ ಸುತ್ತಿ. ಆಗುವುದಾದರೆ ಅದನ್ನು ಕೈಚೀಲದಲ್ಲೇ ಇಡಿ. ತಂತಿಗಳನ್ನು ಮೂರು ನಾಲ್ಕು ಸ್ವರ ಇಳಿಸಿ, ಬಿಚ್ಚಬೇಡಿ. ಕುದುರೆ ಕೂತ ಜಾಗದ ಫೋಟೊ ಎರಡು ಬದಿಯಿಂದ ಇರಲಿ. ಆಮೇಲೆ ಎಲ್ಲರೂ ಕೊಡದ ಸುತ್ತ ಬಟ್ಟೆ ತುರುಕುತ್ತಾರೆ, ಉದ್ದನೆಯ ದಂಡಿಯನ್ನು (ಮೆಟ್ಟಿಲುಗಳಿರುವ ಭಾಗ) ಮರೆಯುತ್ತಾರೆ. ಮುರಿಯುವ ಜಾಗ ಕೊಡವಲ್ಲ, ಕೊಡ ಮತ್ತು ದಂಡಿಯ ಬೆಸುಗೆ, ಮತ್ತೆ ತುದಿಯಲ್ಲಿ ಕೆತ್ತಿದ ಪ್ರಾಣಿಯ ತಲೆ, ಅಂದರೆ ಯಾಳಿಯ ಕತ್ತು. ಪೆಟ್ಟಿಗೆ ಬಿದ್ದಾಗ ಭಾರದ ಕೊಡ ಒಂದು ಕಡೆ ನಿಲ್ಲುತ್ತದೆ, ದಂಡಿ ಇನ್ನೊಂದು ಕಡೆ ಬಾಗುತ್ತದೆ. ದಂಡಿಯ ಕೆಳಗೆ ಉದ್ದಕ್ಕೂ ಗಟ್ಟಿ ಸ್ಪಂಜು ತುಂಬಿ, ಯಾಳಿ ಪೆಟ್ಟಿಗೆಯ ಗೋಡೆಗೆ ತಾಗದಂತೆ ನೋಡಿಕೊಳ್ಳಿ. ಮುಚ್ಚಿದ ಪೆಟ್ಟಿಗೆಯನ್ನು ಮೆಲ್ಲಗೆ ಅಲುಗಾಡಿಸಿ; ಒಳಗೆ ಏನಾದರೂ ಕದಲಿದರೆ ಇನ್ನೂ ತುಂಬಬೇಕು. (ಗಿಟಾರಿನವರಿಗೂ ಇದೇ ಮಾತು: ಅದರ ತಲೆಯ ಕೆಳಗೆ ಮೆತ್ತೆ ಇಲ್ಲದಿದ್ದರೆ ಕತ್ತು ಮುರಿಯುತ್ತದೆ.) "ನಾಜೂಕು" ಚೀಟಿ ಅಂಟಿಸಿ, ಆದರೆ ಅದನ್ನು ಯಾರಾದರೂ ಓದುತ್ತಾರೆಂದು ನಂಬಿ ಒಂದು ಹಿಡಿ ಸ್ಪಂಜನ್ನೂ ಕಡಿಮೆ ಮಾಡಬೇಡಿ.

ಭದ್ರತಾ ತಪಾಸಣೆಯಲ್ಲಿ ಪೆಟ್ಟಿಗೆ ತೆರೆಯಬೇಕಾದೀತು, ಎತ್ತುವ ಕೆಲಸ ನಿಮ್ಮದಾಗಲಿ ಎಂದು ವಿನಯದಿಂದ ಕೇಳಿ. ತಂತಿ ಕತ್ತರಿ, ಸ್ಕ್ರೂಡ್ರೈವರ್ ಕೆಳಗಿನ ಲಗೇಜಿಗೆ. ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯ ಬಿಡಿ ಲಿಥಿಯಂ ಬ್ಯಾಟರಿ ಇದ್ದರೆ ಅದು ಮಾತ್ರ ಕೈಚೀಲದಲ್ಲೇ; ಕೆಳಗೆ ಬಿಡುವುದಿಲ್ಲ.

ವಿದೇಶಕ್ಕಾದರೆ ಇನ್ನೊಂದು ವಿಷಯ. ಹಳೆಯ ವೀಣೆಗಳ ಅಲಂಕಾರದಲ್ಲಿ ದಂತ ಇರುವುದುಂಟು. ದಂತವಿದ್ದರೆ ವನ್ಯಜೀವಿ ವ್ಯಾಪಾರದ ಸೈಟಿಸ್ ಒಪ್ಪಂದದ ಪತ್ರವಿಲ್ಲದೆ ಗಡಿ ದಾಟಬೇಡಿ, ವಾದ್ಯವನ್ನೇ ಮುಟ್ಟುಗೋಲು ಹಾಕಿಕೊಳ್ಳಬಹುದು. ಬೀಟೆ ಮರದ ಸಿದ್ಧ ವಾದ್ಯಗಳಿಗೆ 2019ರ ನವೆಂಬರಿನಿಂದ ಆ ಒಪ್ಪಂದದಲ್ಲಿ ವಿನಾಯಿತಿ ಇದೆ, ಬ್ರೆಜಿಲ್ ಬೀಟೆಗೆ ಮಾತ್ರ ಇಲ್ಲ. ಹೊರಡುವಾಗಲೇ ಕಸ್ಟಮ್ಸ್‌ನವರಲ್ಲಿ ವಾದ್ಯವನ್ನು ದಾಖಲಿಸಿಕೊಂಡರೆ ಮರಳುವಾಗ ಹೊಸದಾಗಿ ತಂದದ್ದೇ ಎಂಬ ಪ್ರಶ್ನೆ ಏಳುವುದಿಲ್ಲ.

ತಲುಪಿದ ಮೇಲೆ ಪೆಟ್ಟಿಗೆಯನ್ನು ನಿಲ್ದಾಣದಲ್ಲೇ ತೆರೆದು ನೋಡಿ, ಮುಟ್ಟಿ ಶ್ರುತಿ ಮಾಡಲು ಹೋಗಬೇಡಿ. ಪೆಟ್ಟು ಕಂಡರೆ ಅಲ್ಲಿಂದ ಕದಲುವ ಮೊದಲೇ ಫೋಟೊ ತೆಗೆದು ದೂರು ಬರೆಸಿ. ಪೆಟ್ಟಿಲ್ಲದಿದ್ದರೆ ಮತ್ತೆ ಮುಚ್ಚಿ, ಕೋಣೆಯಲ್ಲಿ ಕೆಲವು ಗಂಟೆ ಹಾಗೇ ಬಿಟ್ಟು ಆಮೇಲೆ ತಂತಿ ಏರಿಸಿ. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ವಿಮಾನ ಸಂಸ್ಥೆಗಳ ಹೊಣೆಯನ್ನು ಗೊತ್ತುಪಡಿಸುವ ಮಾಂಟ್ರಿಯಲ್ ಒಪ್ಪಂದದಂತೆ ಹಾನಿಯ ದೂರು 7 ದಿನಗಳೊಳಗೆ ಲಿಖಿತವಾಗಿ ಸಲ್ಲಬೇಕು. ಪರಿಹಾರದ ಮಿತಿ 2024ರ ಡಿಸೆಂಬರ್ 28ರಿಂದ ಪ್ರಯಾಣಿಕರೊಬ್ಬರಿಗೆ 1,519 ಎಸ್‌ಡಿಆರ್; ಅದು ಅಂತರರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ಲೆಕ್ಕದ ಏಕಮಾನ. ವೀಣೆಯ ಬೆಲೆ ಅದಕ್ಕಿಂತ ಹೆಚ್ಚಿದ್ದರೆ ಚೆಕ್-ಇನ್ ವೇಳೆಯಲ್ಲೇ ಹೆಚ್ಚಿನ ಮೌಲ್ಯ ಘೋಷಿಸಿ, ಕೇಳಿದರೆ ಹೆಚ್ಚುವರಿ ಶುಲ್ಕ ಕಟ್ಟಿ, ರಸೀದಿ ಇಟ್ಟುಕೊಳ್ಳಬಹುದು. ಪ್ರಯಾಣ ವಿಮೆ ಇದೆಯಲ್ಲ ಎಂದುಕೊಂಡಿದ್ದರೆ ಅದರ ಹೊರತುಗಳ ಪಟ್ಟಿಯನ್ನು ಇವತ್ತೇ ಓದಿ. ಸಂಗೀತ ವಾದ್ಯಗಳು ಆ ಪಟ್ಟಿಯಲ್ಲಿರುವ ಪಾಲಿಸಿಗಳಿಗೆ ಕೊರತೆಯಿಲ್ಲ.