ಬೈಬಲಿನ ವಿಮೋಚನಕಾಂಡದ 25ನೇ ಅಧ್ಯಾಯದ ನಂತರ ಕಥೆ ಏಕೆ ನಿಂತುಹೋಗುತ್ತದೆ?

ಕಥೆ ನಿಲ್ಲುವುದೇಕೆ, ಪ್ರಯಾಣಕ್ಕೆ ನಲವತ್ತು ವರ್ಷ ಹಿಡಿದದ್ದೇಕೆ ಎಂದು ಕೇಳಿದ್ದೀರಿ. ನಿಮ್ಮ ಓದು ತಪ್ಪಿಲ್ಲ. ಕಥೆ ಅಲ್ಲಿ ನಿಜವಾಗಿಯೂ ನಿಲ್ಲುತ್ತದೆ. ಐಗುಪ್ತದ (ಈಜಿಪ್ಟ್) ಗುಲಾಮಗಿರಿಯಿಂದ ಬಿಡುಗಡೆಯಾದ ಇಸ್ರಾಯೇಲ್ಯರು ಕಾನಾನ್ ನಾಡಿಗೆ ಹೋಗುವ ಪ್ರಯಾಣ ಒಂದೇ ಪುಸ್ತಕದಲ್ಲಿಲ್ಲ, ನಾಲ್ಕೈದರಲ್ಲಿ ಹರಡಿಕೊಂಡಿದೆ. ನಡುವೆ ಕಟ್ಟಳೆಗಳು ಮತ್ತು ಆರಾಧನೆಯ ಗುಡಾರದ ಅಳತೆಗಳು ಬರುತ್ತವೆ. ನಾನೂ ಮೊದಲ ಸಲ ಆ ಮೊಳದ ಲೆಕ್ಕದಲ್ಲೇ ಸಿಕ್ಕಿಬಿದ್ದು ಪುಸ್ತಕ ಮುಚ್ಚಿಟ್ಟಿದ್ದೆ.

ಕಥೆಯಷ್ಟೇ ಬೇಕಿದ್ದರೆ ವಿಮೋಚನಕಾಂಡದ 1ರಿಂದ 20, ಆಮೇಲೆ 24, ಬಳಿಕ ಚಿನ್ನದ ಬಸವನ ಪ್ರಸಂಗವಿರುವ 32ರಿಂದ 34ನೇ ಅಧ್ಯಾಯಗಳನ್ನು ಓದಿ. ಯಾಜಕಕಾಂಡವನ್ನು ಸದ್ಯಕ್ಕೆ ಬಿಡಿ. ಅಲ್ಲಿಂದ ನೇರವಾಗಿ ಅರಣ್ಯಕಾಂಡದ 10ನೇ ಅಧ್ಯಾಯಕ್ಕೆ ಹೋಗಿ. ಜನ ಸೀನಾಯಿಯಿಂದ ಹೊರಡುವುದು 11ನೇ ವಚನದಲ್ಲಿ. ಮುಂದಿನ ಅಧ್ಯಾಯವನ್ನು ಮಾತ್ರ ನಿಧಾನವಾಗಿ ಓದಿ: ಬಿಡುಗಡೆಯಾದವರು ಐಗುಪ್ತದ ಮೀನು, ಸೌತೆಕಾಯಿ, ಈರುಳ್ಳಿ, ಬೆಳ್ಳುಳ್ಳಿ ನೆನೆದು ಅಳುತ್ತಾರೆ. ಇಡೀ ಕಥೆಯಲ್ಲಿ ನನಗೆ ಅತ್ಯಂತ ನಿಜವೆನಿಸುವ ಜಾಗ ಅದು. ನಲವತ್ತು ವರ್ಷ ಏಕೆ ಎಂಬ ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ 13 ಮತ್ತು 14ರಲ್ಲಿದೆ. ಮುಂದಾಗಿ ಕಳುಹಿಸಿದ ಗೂಢಚಾರರು ಕಾನಾನ್ ನಾಡನ್ನು ನೋಡಿದ 40 ದಿನಗಳಿಗೆ ದಿನಕ್ಕೊಂದು ವರ್ಷದಂತೆ ಶಿಕ್ಷೆ. ದೂರದಿಂದಾಗಿ ಹಿಡಿದ ಕಾಲವಲ್ಲ.

ನಂತರ 20 ಮತ್ತು 21, ಅವರ ನಾಯಕ ಮೋಶೆಯ ಮರಣಕ್ಕೆ ಧರ್ಮೋಪದೇಶಕಾಂಡದ 34, ಕೊನೆಗೆ ಯೆಹೋಶುವನ ಪುಸ್ತಕದ 3ರಿಂದ 5. ಯೊರ್ದನ್ ದಾಟಿ ಆ ನಾಡಿನ ಬೆಳೆಯನ್ನು ಉಂಡ ಮರುದಿನ, ದಾರಿಯಲ್ಲಿ ದೇವರು ಕೊಡುತ್ತಿದ್ದ ಆಹಾರವಾದ ಮನ್ನ ನಿಂತುಹೋಗುತ್ತದೆ.

ಭೂಪಟ ಇಟ್ಟುಕೊಂಡು ಓದುವುದಾದರೆ ದಾರಿಯ ಗೆರೆಗಳನ್ನು ಪೂರ್ತಿ ನಂಬಬೇಡಿ. ಸೀನಾಯಿ ಬೆಟ್ಟ ಯಾವುದು, ಸಮುದ್ರ ದಾಟಿದ್ದು ಎಲ್ಲಿ ಎಂಬುದರಲ್ಲಿ ವಿದ್ವಾಂಸರಿಗೇ ಒಮ್ಮತವಿಲ್ಲ. ‘ಕೆಂಪು ಸಮುದ್ರ’ ಎಂದಿರುವಲ್ಲಿ ಹೀಬ್ರೂ ಮೂಲದ ಪದಕ್ಕೆ ‘ಜೊಂಡಿನ ಸಮುದ್ರ’ ಎಂಬ ಅರ್ಥವನ್ನೂ ಹೇಳುತ್ತಾರೆ.