ಲ್ಯಾಟಿನ್ ಮಹಾಕಾವ್ಯದ ತರಗತಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಎರಡು ಸೆಮಿಸ್ಟರ್ ಸೀಸರನ ಗದ್ಯ ಓದಿ ಈಗ ರೋಮನ್ ಕವಿ ವರ್ಜಿಲನ ಮಹಾಕಾವ್ಯ ‘ಈನಿಡ್’ಗೆ ಬಂದಿದ್ದೇವೆ. ಬಿಡಿ ಪದಗಳು ಗೊತ್ತಾಗುತ್ತವೆ, ವಾಕ್ಯ ಮಾತ್ರ ಕೂಡಿಬರುವುದಿಲ್ಲ. ಎಲ್ಲಿಂದ ಹಿಡಿಯಬೇಕು?

ಉತ್ತರ: ಪದದ ಅರ್ಥದಿಂದಲ್ಲ, ಪದದ ಬಾಲದಿಂದ ಹಿಡಿಯಿರಿ. ಗದ್ಯದಲ್ಲಿ ವಿಶೇಷಣ ಸಾಮಾನ್ಯವಾಗಿ ನಾಮಪದದ ಮಗ್ಗುಲಲ್ಲೇ ಇರುತ್ತದೆ; ಕಾವ್ಯದಲ್ಲಿ ಅರ್ಧ ಸಾಲು ದೂರ ಹೋಗಿ ಕೂರುತ್ತದೆ. ಮೊದಲ ಸರ್ಗದ 4ನೇ ಸಾಲು ನೋಡಿ: ‘ವೀ ಸುಪೆರುಮ್, ಸೈವೈ ಮೆಮೊರೆಮ್ ಯೂನೋನಿಸ್ ಒಬ್ ಈರಮ್’. ‘ಸೈವೈ’ ಪಕ್ಕದಲ್ಲಿ ‘ಮೆಮೊರೆಮ್’ ಇದೆ, ಆದರೆ ಅದರ ನಂಟು ‘ಯೂನೋನಿಸ್’ (ಜೂನೋ ದೇವಿಯ) ಜೊತೆ. ಎರಡೂ ಷಷ್ಠೀ ಏಕವಚನ. ‘ಮೆಮೊರೆಮ್’ ಸೇರುವುದು ಕೊನೆಯ ‘ಈರಮ್’ಗೆ, ಎರಡೂ ದ್ವಿತೀಯಾ. ಅರ್ಥ: ‘ದೇವತೆಗಳ ಬಲದಿಂದ, ಕ್ರೂರಿ ಜೂನೋಳ ಮರೆಯದ ಕೋಪದ ದೆಸೆಯಿಂದ’.

ಇಲ್ಲಿ ಎಡವುವುದು ಎರಡು ಕಡೆ. ಒಂದು, ಪ್ರಾಸ ಹೊಂದುವ ಪದಗಳನ್ನೇ ಜೋಡಿ ಎಂದುಕೊಳ್ಳುವುದು. ‘ಐ’ಗೆ ‘ಇಸ್’, ‘ಎಮ್’ಗೆ ‘ಅಮ್’ ಜೋಡಿಯಾಗಿರುವುದನ್ನು ಗಮನಿಸಿ. ಪದಗಳ ಗುಂಪು ಬೇರೆಯಾದರೆ ಪ್ರತ್ಯಯದ ರೂಪವೂ ಬೇರೆ. ಹೊಂದಬೇಕಾದ್ದು ವಿಭಕ್ತಿ, ಲಿಂಗ, ವಚನ ಮಾತ್ರ. ಇನ್ನೊಂದು, ‘ಸುಪೆರುಮ್’ ಎಂಬುದನ್ನು ದ್ವಿತೀಯಾ ಏಕವಚನ ಎಂದು ಓದುವುದು. ಅದು ‘ಸುಪೆರೋರುಮ್’ ಎಂಬ ಷಷ್ಠೀ ಬಹುವಚನದ ಹಳೆಯ, ಚಿಕ್ಕ ರೂಪ. ದೇವತೆಗಳ ವಿಷಯ ಬಂದಾಗ ಕವಿಗಳಿಗೆ ಈ ರೂಪ ಬಲು ಇಷ್ಟ.

ಕೆಲಸದ ಕ್ರಮ ಇಷ್ಟು. ಸಾಲುಗಳ ನಡುವೆ ಜಾಗ ಬಿಟ್ಟು ಪಾಠ ಬರೆದುಕೊಳ್ಳಿ. ಪೂರ್ಣವಿರಾಮದವರೆಗೆ ಕಣ್ಣಾಡಿಸಿ ಕ್ರಿಯಾಪದಕ್ಕೆ ಅಡಿಗೆರೆ ಎಳೆಯಿರಿ. ಸಾಲು ಮುಗಿದಲ್ಲಿ ವಾಕ್ಯ ಮುಗಿಯಬೇಕೆಂದಿಲ್ಲ. ಆಮೇಲೆ ‘ಒಬ್’ನಂಥ ಉಪಸರ್ಗಗಳು ಯಾವ ನಾಮಪದವನ್ನು ಹಿಡಿದಿವೆ ನೋಡಿ. ಉಳಿದ ವಿಶೇಷಣಗಳಿಗೆ ಬಣ್ಣದ ಪೆನ್ಸಿಲಿನಲ್ಲಿ ಜೋಡಿ ಹಾಕಿ. ನಿಘಂಟು ತೆರೆಯುವುದು ಇದೆಲ್ಲ ಆದ ಮೇಲೆ. ಗದ್ಯದಲ್ಲಿ ‘ಇನ್’ ಎಂಬ ಉಪಸರ್ಗ ಇರಬೇಕಾದ ಕಡೆ ಕಾವ್ಯ ಅದನ್ನು ಬಿಟ್ಟುಬಿಡುತ್ತದೆ ಎಂಬುದೂ ನೆನಪಿರಲಿ: 3ನೇ ಸಾಲಿನ ‘ತೆರ್ರೀಸ್... ಎತ್ ಅಲ್ತೋ’ ಎಂದರೆ ‘ನೆಲದ ಮೇಲೂ ಕಡಲಿನಲ್ಲೂ’.

ಪ್ರಶ್ನೆ: ಛಂದಸ್ಸಿನ ಪ್ರಶ್ನೆಗೆ ಪ್ರತಿ ಸಲವೂ ಅಂಕ ಹೋಗುತ್ತಿದೆ. ಗಣ ವಿಂಗಡಣೆಗೆ ಖಚಿತವಾದ ದಾರಿ ಇದೆಯೇ?

ಉತ್ತರ: ಇದೆ, ಮತ್ತು ಕನ್ನಡದಲ್ಲಿ ಲಘು-ಗುರು ಹಾಕಿ ಅಭ್ಯಾಸವಿದ್ದವರಿಗೆ ಅರ್ಧ ದಾರಿ ಆಗಲೇ ಮುಗಿದಿದೆ. ಈ ಮಹಾಕಾವ್ಯದ ಛಂದಸ್ಸು ಹೆಕ್ಸಾಮೀಟರ್; ಅದರ ಸಾಲಿನಲ್ಲಿ ಆರು ಗಣ. ಮೊದಲ ನಾಲ್ಕರಲ್ಲಿ ಪ್ರತಿಯೊಂದೂ ಭಗಣ (ಒಂದು ಗುರು, ಎರಡು ಲಘು) ಅಥವಾ ಎರಡು ಗುರು. ಹೇಗೆ ಬಂದರೂ ನಾಲ್ಕು ಮಾತ್ರೆ. ಐದನೆಯದು ಹೆಚ್ಚುಕಡಿಮೆ ಯಾವಾಗಲೂ ಭಗಣ. ಆರನೆಯದರಲ್ಲಿ ಎರಡೇ ಅಕ್ಷರ, ಕೊನೆಯದು ಲಘುವಾದರೂ ನಡೆಯುತ್ತದೆ.

ಮೊದಲ ಹೆಜ್ಜೆ ಲೋಪ. ಸ್ವರದಿಂದ ಅಥವಾ ‘ಮ್’ನಿಂದ ಮುಗಿಯುವ ಪದದ ಮುಂದೆ ಸ್ವರ ಬಂದರೆ ಹಿಂದಿನ ಕೊನೆಯ ಅಕ್ಷರ ಬಿದ್ದುಹೋಗುತ್ತದೆ, ಮುಂದಿನ ಪದ ‘ಹ್’ನಿಂದ ಶುರುವಾದರೂ ಅಷ್ಟೇ. ‘ಲೀತೊರ, ಮುಲ್ತುಮ್ ಇಲ್ಲೆ ಎತ್ ತೆರ್ರೀಸ್ ಯಕ್ತಾತುಸ್ ಎತ್ ಅಲ್ತೋ’ ಎಂಬ ಸಾಲಿನಲ್ಲಿ ಹೀಗೆ ಎರಡು ಕಡೆ ಲೋಪ. ಗಣ ಬಿಡಿಸಿದರೆ:

ಲೀ-ತೊ-ರ | ಮುಲ್-ತಿಲ್ | ಲೆತ್-ತೆರ್ | ರೀಸ್-ಯಕ್ | ತಾ-ತು-ಸೆ | ತಲ್-ತೋ

ಎರಡನೆಯದು ಅಕ್ಷರ ಎಣಿಕೆ. ಲೋಪದ ನಂತರ ಉಳಿದ ಅಕ್ಷರಗಳಿಂದ 12 ಕಳೆಯಿರಿ. ಬರುವುದೇ ಭಗಣಗಳ ಸಂಖ್ಯೆ. ಮೇಲಿನ ಸಾಲಿನಲ್ಲಿ 14 ಅಕ್ಷರ, ಆದ್ದರಿಂದ ಎರಡು ಭಗಣ. 12ಕ್ಕಿಂತ ಕಡಿಮೆಯೋ 17ಕ್ಕಿಂತ ಹೆಚ್ಚೋ ಬಂದರೆ ಲೋಪದಲ್ಲೇ ತಪ್ಪಾಗಿದೆ, ಮುಂದೆ ಹೋಗಬೇಡಿ. ಆಮೇಲೆ ಸಾಲಿನ ಕೊನೆಯ ಐದು ಅಕ್ಷರಗಳಿಗೆ ಗುರು-ಲಘು-ಲಘು-ಗುರು-ಗುರು, ಮೊದಲ ಅಕ್ಷರಕ್ಕೆ ಗುರು ಹಾಕಿಬಿಡಿ. ನಡುವೆ ಉಳಿದದ್ದು ಸ್ವಲ್ಪವೇ. ಒಂಟಿ ಲಘು ಎಲ್ಲೂ ಬರುವಂತಿಲ್ಲ. ಬಂದರೆ ಹಿಂದಕ್ಕೆ ನೋಡಿ.

ಕನ್ನಡದ ರೂಢಿ ಕೈಕೊಡುವ ಜಾಗ ಪದಾಂತ್ಯದ ವ್ಯಂಜನ. ‘ಅಬ್’ ಕಂಡೊಡನೆ ಗುರು ಹಾಕುತ್ತಾರೆ. ಆದರೆ ‘ಪ್ರೀಮುಸ್ ಅಬ್ ಓರೀಸ್’ ಉಚ್ಚಾರದಲ್ಲಿ ಪ್ರೀ-ಮು-ಸ | ಬೋ-ರೀಸ್ ಆಗುತ್ತದೆ: ವ್ಯಂಜನ ಮುಂದಿನ ಸ್ವರಕ್ಕೆ ಹತ್ತಿಕೊಂಡಿತು, ಹಿಂದಿನದು ಲಘುವಾಗಿಯೇ ಉಳಿಯಿತು. ‘ಪತ್ರಿಸ್’ನಂಥ ಪದದಲ್ಲಿ ‘ತ್ರ’ದ ಹಿಂದಿನ ಅಕ್ಷರ ಕವಿಗೆ ಬೇಕಾದಂತೆ ಗುರುವೂ ಆದೀತು, ಲಘುವೂ ಆದೀತು, ಹಳಗನ್ನಡದ ಶಿಥಿಲದ್ವಿತ್ವ ಓದಿದವರಿಗೆ ಇದು ವಿಚಿತ್ರವೆನಿಸದು. ‘ಕ್ವ’ ಒಂದೇ ವ್ಯಂಜನದ ಲೆಕ್ಕ.

ಅಭ್ಯಾಸಕ್ಕೆ ಸಾಲನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವುದು ಒಳ್ಳೆಯದು. ‘ಎ-ಏ’, ‘ಒ-ಓ’ ಭೇದವನ್ನೂ ನಮ್ಮ ಲಿಪಿ ತೋರಿಸುತ್ತದೆ. ಲ್ಯಾಟಿನ್ ಮುದ್ರಿತ ಪಾಠದಲ್ಲಿ ದೀರ್ಘದ ಗೆರೆ ಬಹುಮಟ್ಟಿಗೆ ಇರುವುದೇ ಇಲ್ಲ.

ಪ್ರಶ್ನೆ: ಛಂದಸ್ಸಿನಿಂದ ಅನುವಾದಕ್ಕೆ ಏನಾದರೂ ಉಪಯೋಗ ಉಂಟೋ, ಬರೀ ಅಂಕಕ್ಕೋ?

ಉತ್ತರ: ಉಂಟು, ನೇರವಾಗಿಯೇ. ನಾಲ್ಕನೇ ಸರ್ಗದ 139ನೇ ಸಾಲು, ಕಾರ್ಥೇಜಿನ ರಾಣಿ ಡೀಡೋ ಬೇಟೆಗೆ ಹೊರಡುವ ಸಂದರ್ಭ: ‘ಔರೆಅ ಪುರ್ಪುರೆಅಮ್ ಸುಬ್ನೆಕ್ತಿತ್ ಫೀಬುಲ ವೆಸ್ತೆಮ್’. ಮೊದಲ ಪದದ ಕೊನೆಯ ‘ಅ’ ದೀರ್ಘವಾಗಿದ್ದರೆ ಅದು ಬೇರೆ ವಿಭಕ್ತಿ, ‘ಚಿನ್ನದಿಂದ’ ಎಂಬ ಕಡೆಗೆ ಎಳೆಯುತ್ತದೆ. ಆದರೆ ಮೊದಲ ಗಣ ಔ-ರೆ-ಅ. ‘ರೆ’ ಲಘು, ಹಾಗಾಗಿ ‘ಅ’ ಕೂಡ ಲಘುವೇ ಆಗಬೇಕು. ಅಂದಮೇಲೆ ಪ್ರಥಮಾ, ಜೋಡಿ ‘ಫೀಬುಲ’: ‘ಚಿನ್ನದ ಕೊಂಡಿ ಕೆನ್ನೇರಳೆ ಉಡುಪನ್ನು ಬಿಗಿಯುತ್ತದೆ’. ಎರಡು ವಿಶೇಷಣ, ನಡುವೆ ಕ್ರಿಯಾಪದ, ಆಮೇಲೆ ಅದೇ ಕ್ರಮದಲ್ಲಿ ಎರಡು ನಾಮಪದ. ಈ ಬಗೆಗೆ ‘ಚಿನ್ನದ ಸಾಲು’ ಎಂದು ಹೆಸರು. ಪರೀಕ್ಷೆಯಲ್ಲಿ ಹೆಸರು ಬರೆದು ಬಿಟ್ಟರೆ ಸಾಲದು. ಯಾವ ಪದ ಯಾವುದಕ್ಕೆ ಸೇರಿದೆ ಎಂದು ಮೂಲದ ಪದವನ್ನೇ ಎತ್ತಿ ಬರೆಯಿರಿ.

ಪ್ರಶ್ನೆ: ಅಚ್ಚಾದ ಅನುವಾದ ಪಕ್ಕದಲ್ಲಿ ಇಟ್ಟುಕೊಂಡು ಓದಬಹುದೇ?

ಉತ್ತರ: ಪಕ್ಕದಲ್ಲಿ ಬೇಡ, ಮೊದಲೇ ಓದಿ. ‘ಈನಿಡ್’ 12 ಸರ್ಗ, ಸುಮಾರು 9,900 ಸಾಲು. ಕಾಲೇಜಿನಲ್ಲಿ ಅದರ ಚೂರುಪಾರು ಮಾತ್ರ ಮೂಲದಲ್ಲಿ ಓದಿಸುತ್ತಾರೆ. ಕಥೆ ತಿಳಿಯಲು ಅನುವಾದ ಬೇಕೇ ಬೇಕು. ಆದರೆ ಪಠ್ಯಭಾಗದ ಅನುವಾದವನ್ನು ಬಾಯಿಪಾಠ ಮಾಡಿದವರು ‘ಈ ಪದ ಯಾವ ವಿಭಕ್ತಿ, ಏಕೆ?’ ಎಂಬ ಪ್ರಶ್ನೆಗೆ ಸಿಕ್ಕಿಬೀಳುತ್ತಾರೆ. ಶುರುವಿನಲ್ಲಿ ದಿನಕ್ಕೆ 10–15 ಸಾಲು ಸಾಕು. ಅರ್ಥವನ್ನು ಪಾಠದ ಮೇಲೆಯೇ ಗೀಚಬೇಡಿ. ಮರುದಿನ ಕಣ್ಣು ಅದನ್ನೇ ಓದುತ್ತದೆ. ಹಾಳೆಯ ಕೆಳಗೆ ಬರೆದು ಮಡಚಿಡಿ.

ಪ್ರಶ್ನೆ: ಆಯ್ಕೆ ಇದ್ದರೆ ಮೊದಲು ವರ್ಜಿಲನೋ ಆವಿಡನೋ?

ಉತ್ತರ: ಆವಿಡ್. ಅವನ ‘ಮೆಟಮಾರ್ಫಸೀಸ್’ 15 ಸರ್ಗವಿದ್ದರೂ ಕಥೆಗಳು ಬಿಡಿಬಿಡಿ, ಭಗಣ ಹೆಚ್ಚು, ಓಟ ಸಲೀಸು.

ಪ್ರಶ್ನೆ: ನನ್ನ ಪ್ರತಿಯಲ್ಲಿ ಕೆಲವು ಸಾಲು ಅರ್ಧಕ್ಕೇ ನಿಂತಿವೆ. ಮುದ್ರಣದೋಷವೇ?

ಉತ್ತರ: ಅಲ್ಲ. ವರ್ಜಿಲ್ ಕ್ರಿ.ಪೂ. 19ರಲ್ಲಿ ತೀರಿಕೊಂಡಾಗ ಕಾವ್ಯದ ಕೊನೆಯ ತಿದ್ದುಪಡಿ ಆಗಿರಲಿಲ್ಲ. ಚಕ್ರವರ್ತಿ ಅಗಸ್ಟಸ್‌ನ ಅಪ್ಪಣೆಯಂತೆ ಅದನ್ನು ಹೊರತಂದ ವರ್ಜಿಲನ ಕವಿಮಿತ್ರ ವೇರಿಯಸ್ ಅಪೂರ್ಣ ಸಾಲುಗಳನ್ನು ತುಂಬಿಸಲು ಹೋಗಲಿಲ್ಲ. ಅಂಥವು 50ಕ್ಕೂ ಹೆಚ್ಚಿವೆ. ಅಲ್ಲಿ 12 ಅಕ್ಷರ ಸಿಗಲಿಲ್ಲವೆಂದು ತಲೆ ಕೆಡಿಸಿಕೊಳ್ಳಬೇಡಿ.