ಓದುಗರ ಪ್ರಶ್ನೆಗಳಿಗೆ ಉತ್ತರ: ವಿಶ್ವವಿದ್ಯಾಲಯ ಗ್ರಂಥಾಲಯದ ಆನ್‌ಲೈನ್ ಸೇವೆಗಳು

ಪ್ರಶ್ನೆ: ನಾನು ಹಾಸನದ ಸರ್ಕಾರಿ ವಿಶ್ವವಿದ್ಯಾಲಯವೊಂದರಲ್ಲಿ ರಸಾಯನಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ವಿಭಾಗದ ಕಂಪ್ಯೂಟರಿನಲ್ಲಿ ಸಲೀಸಾಗಿ ತೆರೆದುಕೊಳ್ಳುವ ಸಂಶೋಧನಾ ಲೇಖನಗಳು, ರಜೆಯಲ್ಲಿ ಆಲೂರಿನ ಮನೆಗೆ ಬಂದಾಗ ಡಾಲರ್ ಲೆಕ್ಕದಲ್ಲಿ ಹಣ ಕೇಳುತ್ತವೆ. ತೊಂದರೆ ನನ್ನ ಮೊಬೈಲಿನಲ್ಲಿದೆಯೇ?
— ಓದುಗರೊಬ್ಬರು, ಆಲೂರು

ಉತ್ತರ: ನಿಮ್ಮ ಮೊಬೈಲಿನಲ್ಲಿ ಯಾವ ದೋಷವೂ ಇಲ್ಲ. ಪ್ರಕಾಶಕರ ಜಾಲತಾಣವು ಓದುವವರು ಯಾರೆಂಬುದನ್ನು ನೋಡುವುದಿಲ್ಲ, ಬೇಡಿಕೆ ಯಾವ ಐಪಿ ವಿಳಾಸದಿಂದ, ಅಂದರೆ ಇಂಟರ್‌ನೆಟ್ ಸಂಪರ್ಕವನ್ನು ಗುರುತಿಸುವ ಯಾವ ಸಂಖ್ಯೆಯಿಂದ, ಬಂದಿದೆ ಎಂಬುದನ್ನಷ್ಟೇ ನೋಡುತ್ತದೆ. ವಿಶ್ವವಿದ್ಯಾಲಯದ ಇಂಟರ್‌ನೆಟ್ ಸಂಪರ್ಕದ ವಿಳಾಸಗಳು ಅಲ್ಲಿ ಮೊದಲೇ ನೋಂದಣಿಯಾಗಿರುವುದರಿಂದ ಕ್ಯಾಂಪಸ್ಸಿನೊಳಗೆ ಲೇಖನ ತೆರೆಯುತ್ತದೆ. ನಿಮ್ಮ ಮನೆಯ ಸಿಮ್ ಕಾರ್ಡಿನ ವಿಳಾಸ ಆ ಪಟ್ಟಿಯಲ್ಲಿಲ್ಲದ ಕಾರಣ ನೀವು ಅಲ್ಲಿ ಹೊರಗಿನವರಾಗಿಬಿಡುತ್ತೀರಿ.

ಇದಕ್ಕೆ ಪರಿಹಾರವಾಗಿ, ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಜಾಲದಲ್ಲಿ ಜೋಡಿಸುವ, ಗುಜರಾತಿನ ಗಾಂಧಿನಗರದಲ್ಲಿರುವ ಇನ್‌ಫ್ಲಿಬ್‌ನೆಟ್ ಕೇಂದ್ರವು ‘ಇನ್‌ಫೆಡ್’ ಎಂಬ ಪ್ರವೇಶ ವ್ಯವಸ್ಥೆಯನ್ನು ನಡೆಸುತ್ತಿದೆ. ನಿಮ್ಮ ಸಂಸ್ಥೆ ಅದರ ಸದಸ್ಯನಾಗಿದ್ದು, ಗ್ರಂಥಾಲಯವು ನಿಮ್ಮ ಹೆಸರಿನಲ್ಲಿ ಖಾತೆ ತೆರೆದುಕೊಟ್ಟರೆ, ಪ್ರಕಾಶಕರ ಪುಟದಲ್ಲಿ ಸಂಸ್ಥೆಯ ಮೂಲಕ ಲಾಗಿನ್ ಆಗುವ ಆಯ್ಕೆಯನ್ನು ಒತ್ತಿ, ಪಟ್ಟಿಯಲ್ಲಿ ವಿಶ್ವವಿದ್ಯಾಲಯದ ಹೆಸರನ್ನು ಆರಿಸಿ, ಮನೆಯಿಂದಲೇ ಓದಬಹುದು. ಆದ್ದರಿಂದ ರಜೆಗೆ ಹೊರಡುವ ಮುನ್ನವೇ ಗ್ರಂಥಪಾಲಕರಲ್ಲಿ ಖಾತೆಯನ್ನು ಕೇಳಿ ಪಡೆಯಿರಿ. ಕೇಂದ್ರ ಸಚಿವ ಸಂಪುಟವು 2024ರ ನವೆಂಬರ್ 25ರಂದು ಒಪ್ಪಿದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಗೆ 2025ರಿಂದ 2027ರವರೆಗಿನ ಮೂರು ವರ್ಷಗಳಿಗಾಗಿ 6,000 ಕೋಟಿ ರೂಪಾಯಿ ಮೀಸಲಿಡಲಾಗಿದ್ದು, 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳು ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಅದರಡಿ ದೊರೆಯುತ್ತವೆ. ಸಾರ್ವಜನಿಕರ ಹಣದಲ್ಲಿ ಚಂದಾ ಕಟ್ಟಿರುವ ಲೇಖನವೊಂದಕ್ಕೆ ವಿದ್ಯಾರ್ಥಿಯೊಬ್ಬರು ತಮ್ಮ ಕೈಯಿಂದ ಮತ್ತೆ ಹಣ ತೆರುವ ಸ್ಥಿತಿ ಬರಲೇಬಾರದು.

ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. ನಿಮ್ಮ ಪಾಸ್‌ವರ್ಡನ್ನು ಗೆಳತಿಯರಿಗೆ ಕೊಡಬೇಡಿ, ಒಂದು ಪತ್ರಿಕೆಯ ಸಂಚಿಕೆಗಳನ್ನೆಲ್ಲ ಒಂದೇ ಸಲ ಇಳಿಸಿಕೊಳ್ಳಲೂ ಹೋಗಬೇಡಿ. ಅಂಥ ಸಗಟು ಡೌನ್‌ಲೋಡನ್ನು ಪ್ರಕಾಶಕರ ವ್ಯವಸ್ಥೆ ಗುರುತಿಸಿದಾಗ ಇಡೀ ವಿಶ್ವವಿದ್ಯಾಲಯದ ಪ್ರವೇಶವನ್ನೇ ತಡೆಹಿಡಿಯುವುದುಂಟು.

ಪ್ರಶ್ನೆ: ನಾನು ಯಾವ ಕಾಲೇಜಿನಲ್ಲೂ ಓದುತ್ತಿಲ್ಲ, ಮೂಡಿಗೆರೆಯ ಬಳಿ ಕಾಫಿ ತೋಟ ನೋಡಿಕೊಂಡಿದ್ದೇನೆ. ಅರೇಬಿಕಾ ಗಿಡಗಳನ್ನು ಹಾಳುಮಾಡುವ ಬಿಳಿ ಕಾಂಡಕೊರಕದ ಬಗ್ಗೆ ನಡೆದಿರುವ ಸಂಶೋಧನೆಯನ್ನು ನಾನೇ ಓದಬೇಕೆಂದಿದ್ದೇನೆ. ಮೇಲೆ ಹೇಳುವಂಥ ಸೌಲಭ್ಯಗಳು ನನಗೆ ಸಿಗುತ್ತವೆಯೇ?
— ಬೆಳೆಗಾರರೊಬ್ಬರು

ಉತ್ತರ: ಚಂದಾ ಯೋಜನೆಯ ಲಾಗಿನ್ ನಿಮಗೆ ಸಿಗುವುದಿಲ್ಲ, ಏಕೆಂದರೆ ಅದು ಸಂಸ್ಥೆಗಳ ವಿದ್ಯಾರ್ಥಿಗಳು, ಅಧ್ಯಾಪಕರು ಮತ್ತು ಸಂಶೋಧಕರಿಗೆ ಸೀಮಿತವಾಗಿದೆ. ಆದರೂ ನಿರಾಶರಾಗಬೇಕಿಲ್ಲ. ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳನ್ನು ಒಂದೆಡೆ ಇಟ್ಟಿರುವ ‘ಶೋಧಗಂಗಾ’ ಯಾರಿಗಾದರೂ ಉಚಿತವಾಗಿ ತೆರೆದಿದೆ. ಕೃಷಿ ವಿಶ್ವವಿದ್ಯಾಲಯಗಳ ಪ್ರಬಂಧಗಳಿಗಾಗಿ ‘ಕೃಷಿಕೋಶ’ ಎಂಬ ಪ್ರತ್ಯೇಕ ಭಂಡಾರವಿದೆ. ಅಲ್ಲಿ ಕೀಟದ ವೈಜ್ಞಾನಿಕ ಹೆಸರಾದ ‘ಕ್ಸೈಲೋಟ್ರೆಕಸ್ ಕ್ವಾಡ್ರಿಪೆಸ್’ (Xylotrechus quadripes) ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೊಟ್ಟು ಹುಡುಕಿ. ಊರಿಂದೂರಿಗೆ ಬದಲಾಗುವ ಹೆಸರುಗಳಿಗಿಂತ ಅದು ಹೆಚ್ಚು ಫಲ ಕೊಡುತ್ತದೆ. ಚಂದಾ ಇಲ್ಲದೆ ತೆರೆಯದ ಲೇಖನ ಎದುರಾದರೆ, ಅದರ ಮೊದಲ ಪುಟದಲ್ಲಿ ಸಾಮಾನ್ಯವಾಗಿ ಲೇಖಕರ ಇಮೇಲ್ ವಿಳಾಸವಿರುತ್ತದೆ. ತಾವು ಬೆಳೆಗಾರರೆಂದು ತಿಳಿಸಿ ಪ್ರತಿಯೊಂದನ್ನು ಕೇಳಿ; ಸಂಶೋಧಕರಲ್ಲಿ ಅನೇಕರು ಸಂತೋಷದಿಂದ ಕಳಿಸುತ್ತಾರೆ. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯೂ ಮೂಡಿಗೆರೆಯ ತೋಟಗಾರಿಕಾ ಕಾಲೇಜೂ ನಿಮ್ಮ ಜಿಲ್ಲೆಯಲ್ಲೇ ಇವೆ. ಹೊರಗಿನ ಓದುಗರಿಗೆ ಗ್ರಂಥಾಲಯದಲ್ಲಿ ಕುಳಿತು ಓದಲು ಅನುಮತಿ ಸಿಗುವುದೇ ಎಂದು ಅಲ್ಲಿ ವಿಚಾರಿಸಿ.

ಪ್ರಶ್ನೆ: ಕನ್ನಡ ವಿಭಾಗದಲ್ಲಿ ಬೇಲೂರು ಸೀಮೆಯ ಶಾಸನಗಳ ಕುರಿತು ಸಂಶೋಧನೆ ಮಾಡುತ್ತಿದ್ದೇನೆ. ಗ್ರಂಥಾಲಯದ ಹೊಸ ಆನ್‌ಲೈನ್ ಸೂಚಿಯಲ್ಲಿ (ಪುಸ್ತಕಗಳ ಪಟ್ಟಿಯಲ್ಲಿ) ‘ಹೊಯ್ಸಳ’ ಎಂದು ಕನ್ನಡದಲ್ಲಿ ಹುಡುಕಿದರೆ ಬೆರಳೆಣಿಕೆಯ ಪುಸ್ತಕಗಳು ಬರುತ್ತವೆ. ಆದರೆ ಕಪಾಟಿನಲ್ಲಿ ಸಾಲುಸಾಲಾಗಿ ಪುಸ್ತಕಗಳಿವೆ. ಇಳಿಸಿಕೊಂಡ ಹಳೆಯ ಕನ್ನಡ ಪ್ರಬಂಧಗಳೊಳಗೂ ಯಾವ ಪದವೂ ಸಿಗುವುದಿಲ್ಲ. ಕಂಪ್ಯೂಟರೀಕರಣದಿಂದ ಆದ ಪ್ರಯೋಜನವೇನು?
— ಸಂಶೋಧನಾ ವಿದ್ಯಾರ್ಥಿ, ಹಾಸನ

ಉತ್ತರ: ನಿಮ್ಮ ಅಸಮಾಧಾನ ನ್ಯಾಯವಾದದ್ದು. ಕನ್ನಡದ ಓದುಗರಿಗೆ ಇದಕ್ಕಿಂತ ಮುಖ್ಯವಾದ ತಾಂತ್ರಿಕ ಪ್ರಶ್ನೆ ಇಂದು ಇನ್ನೊಂದಿಲ್ಲವೆಂದು ನಾನು ನಂಬುತ್ತೇನೆ. ನೀವು ಹೇಳಿದ ಎರಡು ತೊಂದರೆಗಳಿಗೆ ಕಾರಣಗಳು ಬೇರೆಬೇರೆ.

ಮೊದಲನೆಯದು ಸೂಚಿಯದು. ಹಲವು ಗ್ರಂಥಾಲಯಗಳಲ್ಲಿ ಗಣಕೀಕರಣ ಆರಂಭವಾದಾಗ ಕನ್ನಡ ಪುಸ್ತಕಗಳ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ನಮೂದಿಸಲಾಯಿತು, ಅದೂ ಟೈಪು ಮಾಡುವವರಿಗೆ ತೋಚಿದ ಕಾಗುಣಿತದಲ್ಲಿ. ಹೀಗಾಗಿ ಒಂದೇ ‘ಹೊಯ್ಸಳ’ ನಾಲ್ಕಾರು ರೂಪಗಳಲ್ಲಿ ಚದುರಿ ಕುಳಿತಿದೆ. ಇಂದು ಬಳಕೆಯಲ್ಲಿರುವ ‘ಕೋಹಾ’ದಂಥ ಮುಕ್ತ ಗ್ರಂಥಾಲಯ ತಂತ್ರಾಂಶಗಳು ಯೂನಿಕೋಡ್ ಕನ್ನಡವನ್ನು, ಅಂದರೆ ಎಲ್ಲ ಕಂಪ್ಯೂಟರುಗಳೂ ಒಂದೇ ರೀತಿ ಗುರುತಿಸುವ ಸಂಕೇತಗಳಲ್ಲಿರುವ ಕನ್ನಡವನ್ನು, ಚೆನ್ನಾಗಿಯೇ ನಿಭಾಯಿಸುತ್ತವೆ. ಸೂಚೀಕರಣದ ‘ಮಾರ್ಕ್ 21’ ಮಾದರಿಯಲ್ಲಿ ಮೂಲ ಲಿಪಿಯ ಹೆಸರನ್ನು ಬರೆಯಲೆಂದೇ 880 ಎಂಬ ಕ್ಷೇತ್ರವಿದೆ. ತಂತ್ರಾಂಶದ ಕೊರತೆ ಇಲ್ಲಿಲ್ಲ. ಹಳೆಯ ನಮೂದುಗಳನ್ನು ಕೈಯಾರೆ ತಿದ್ದಿ ಕನ್ನಡದಲ್ಲಿ ತುಂಬುವ ಕೆಲಸ ಬಾಕಿ ಉಳಿದಿದೆ. ಖಾಲಿ ಹುದ್ದೆಗಳ ನಡುವೆ ಆ ಕೆಲಸ ಹಿಂದೆ ಬೀಳುವುದನ್ನು ನಾನು ಬಲ್ಲೆ. ಆದರೂ ಹೊಸ ಪುಸ್ತಕಗಳನ್ನಾದರೂ ಕನ್ನಡ ಲಿಪಿಯಲ್ಲೇ ದಾಖಲಿಸುವುದಕ್ಕೆ ಯಾವ ಅಡ್ಡಿಯೂ ಇರಬಾರದು. ಸದ್ಯಕ್ಕೆ ನೀವು ಇಂಗ್ಲಿಷ್ ಕಾಗುಣಿತದ ಹಲವು ರೂಪಗಳಲ್ಲಿ ಹುಡುಕಿ, ಅಥವಾ ವರ್ಗಸಂಖ್ಯೆಯನ್ನು ಹಿಡಿದು ಹೋಗಿ. ಡ್ಯೂಯಿ ದಶಮಾಂಶ ವರ್ಗೀಕರಣದಲ್ಲಿ ಕನ್ನಡ ಸಾಹಿತ್ಯಕ್ಕೆ 894.814 ಎಂಬ ಸಂಖ್ಯೆಯಿದೆ. ಅದೇ ರೀತಿ, ನಿಮ್ಮ ವಿಷಯದ ಒಂದು ಪುಸ್ತಕದ ಬೆನ್ನಿನ ಮೇಲಿರುವ ಸಂಖ್ಯೆಯನ್ನು ಸೂಚಿಯಲ್ಲಿ ಕೊಟ್ಟರೆ, ಹೆಸರು ಹೇಗೇ ಬರೆದಿದ್ದರೂ ಅದರ ಜೊತೆಯ ಪುಸ್ತಕಗಳೆಲ್ಲ ಹೊರಬರುತ್ತವೆ.

ಎರಡನೆಯ ತೊಂದರೆ ಇನ್ನೂ ಆಳವಾದದ್ದು. ಹಳೆಯ ನುಡಿ, ಬರಹ ಮುಂತಾದ ಕನ್ನಡ ಟೈಪಿಂಗ್ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ, ಪರದೆಯ ಮೇಲೆ ಕನ್ನಡ ಕಾಣಿಸಿದರೂ ಕಂಪ್ಯೂಟರಿನ ನೆನಪಿನಲ್ಲಿ ಉಳಿಯುವುದು ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಮಾತ್ರ. ಅಂಥ ಪಿಡಿಎಫ್‌ನಿಂದ ಒಂದು ಸಾಲನ್ನು ನಕಲಿಸಿ ಬೇರೆಡೆ ಅಂಟಿಸಿ ನೋಡಿದರೆ ಅರ್ಥವಿಲ್ಲದ ಅಕ್ಷರರಾಶಿ ಬರುವುದು ಇದೇ ಕಾರಣಕ್ಕೆ. ವರ್ಷಗಟ್ಟಲೆ ದುಡಿದು ಬರೆದ ಪ್ರಬಂಧವೊಂದು ಶೋಧಗಂಗೆಯಲ್ಲಿ ಇದ್ದೂ ಯಾವ ಹುಡುಕಾಟಕ್ಕೂ ಸಿಗದೆ ಹೋಗುವುದು ನನಗೆ ಬಹಳ ನೋವಿನ ಸಂಗತಿ. ಕೃತಿಚೌರ್ಯ ತಪಾಸಣೆಯ ಮೇಲೂ ಇದರ ಪರಿಣಾಮವಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಗಳು ಶೇ. 10ರವರೆಗಿನ ಹೋಲಿಕೆಯನ್ನು ದಂಡನೆಗೆ ಒಳಪಡಿಸುವುದಿಲ್ಲ. ಆದರೆ ಓದಲಾಗದ ಸಂಕೇತಗಳಲ್ಲಿರುವ ಕಡತದ ಬಗ್ಗೆ ತಂತ್ರಾಂಶ ಕೊಡುವ ಶೇಕಡಾವಾರು ಅಂಕಿಗೆ ಅರ್ಥವೇ ಇರುವುದಿಲ್ಲ.

ನೀವು ಮಾಡಬಹುದಾದದ್ದು ಇಷ್ಟು. ನಿಮ್ಮ ಪ್ರಬಂಧವನ್ನು ಮೊದಲ ಅಧ್ಯಾಯದಿಂದಲೇ ಯೂನಿಕೋಡ್‌ನಲ್ಲಿ ಬರೆಯಿರಿ, ಡಿ.ಟಿ.ಪಿ. ಅಂಗಡಿಯಲ್ಲಿ ಮಾಡಿಸುವುದಾದರೆ ಈ ಷರತ್ತನ್ನು ಮೊದಲೇ ಹೇಳಿ. ಈಗಾಗಲೇ ಹಳೆಯ ಫಾಂಟಿನಲ್ಲಿ ಬರೆದ ಪುಟಗಳಿದ್ದರೆ ಅವುಗಳನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಪರಿವರ್ತನೆಯ ನಂತರ ಒತ್ತಕ್ಷರಗಳನ್ನೂ ಅರ್ಕಾವತ್ತನ್ನೂ ಸಾಲುಸಾಲಾಗಿ ಪರಿಶೀಲಿಸಲೇಬೇಕು, ಶಾಸನಪಾಠಗಳನ್ನಂತೂ ಎರಡು ಸಲ. ನಿಮ್ಮ ವಿಷಯಕ್ಕೆ ಆಧಾರವಾದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಶಾಸನಸಂಪುಟಗಳ ಮಾಲೆಯಲ್ಲಿ ಬಿ. ಎಲ್. ರೈಸ್ ಅವರು ಸಂಪಾದಿಸಿದ ಹಾಸನ ಜಿಲ್ಲೆಯ ಸಂಪುಟ, ಅಂದರೆ 1902ರ ಐದನೆಯ ಸಂಪುಟ, ಇಂಟರ್‌ನೆಟ್ ಆರ್ಕೈವ್ ಎಂಬ ಉಚಿತ ಜಾಲತಾಣದಲ್ಲಿ ಸ್ಕ್ಯಾನ್ ರೂಪದಲ್ಲಿ ಓದಲು ದೊರೆಯುತ್ತದೆ. ಅಲ್ಲಿ ತಾಲ್ಲೂಕು ಮತ್ತು ಶಾಸನಸಂಖ್ಯೆಯ ಮೂಲಕ ಹೋಗುವುದೇ ಪದ ಹುಡುಕುವುದಕ್ಕಿಂತ ಖಚಿತವಾದ ದಾರಿ.

ಪ್ರಶ್ನೆ: ಬಿ.ಎ. ಓದುತ್ತಿರುವ ನನ್ನ ತಮ್ಮನಿಗೆ ದೃಷ್ಟಿ ಇಲ್ಲ. ಗ್ರಂಥಾಲಯದವರು ಕೊಟ್ಟ ಪಿಡಿಎಫ್‌ಗಳನ್ನು ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದಿ ಹೇಳುವ, ಅವನ ಮೊಬೈಲಿನ ಸ್ಕ್ರೀನ್ ರೀಡರ್ ಓದುವುದಿಲ್ಲ. ಏನು ಮಾಡಬಹುದು?
— ಓದುಗರೊಬ್ಬರು, ಕಡೂರು

ಉತ್ತರ: ಆ ಪಿಡಿಎಫ್‌ಗಳು ಪುಟಗಳ ಬರಿಯ ಚಿತ್ರಗಳಾಗಿರಬೇಕು, ಇಲ್ಲವೇ ಮೇಲೆ ಹೇಳಿದ ಹಳೆಯ ಫಾಂಟುಗಳಲ್ಲಿರಬೇಕು. ಎರಡರಲ್ಲಿಯೂ ಸ್ಕ್ರೀನ್ ರೀಡರ್‌ಗೆ ಓದಲು ಪಠ್ಯವೇ ಸಿಗುವುದಿಲ್ಲ. ಅಕ್ಷರ ಗುರುತಿಸುವ ಓಸಿಆರ್ ತಂತ್ರಾಂಶದಿಂದ ಅವುಗಳನ್ನು ಯೂನಿಕೋಡ್ ಪಠ್ಯವಾಗಿಸಿ, ತಪ್ಪು ತಿದ್ದಿ ಕೊಡಬೇಕೆಂದು ಗ್ರಂಥಾಲಯಕ್ಕೆ ಲಿಖಿತವಾಗಿ ಕೇಳಿ. ಕೃತಿಸ್ವಾಮ್ಯದ ನೆಪ ಹೇಳಿ ಯಾರಾದರೂ ಹಿಂಜರಿದರೆ, 2012ರ ತಿದ್ದುಪಡಿಯ ಮೂಲಕ ಕೃತಿಸ್ವಾಮ್ಯ ಕಾಯ್ದೆಗೆ ಸೇರಿದ 52ನೇ ಕಲಮಿನ 1ನೇ ಉಪಕಲಮಿನ ‘ಜೆಡ್‌ಬಿ’ ಖಂಡವು ಅಂಗವಿಕಲರಿಗಾಗಿ ಕೃತಿಗಳನ್ನು ಅವರು ಓದಬಲ್ಲ ರೂಪಕ್ಕೆ ತರಲು ಅವಕಾಶ ಕೊಡುತ್ತದೆಂದು ತೋರಿಸಿ. 2016ರಲ್ಲಿ ಆರಂಭವಾದ ‘ಸುಗಮ್ಯ ಪುಸ್ತಕಾಲಯ’ ಎಂಬ ಆನ್‌ಲೈನ್ ಗ್ರಂಥಾಲಯದಲ್ಲೂ ತಮ್ಮನ ಹೆಸರನ್ನು ನೋಂದಾಯಿಸಿ. ಬೇರೆಡೆ ಈಗಾಗಲೇ ಪರಿವರ್ತನೆಯಾದ ಪುಸ್ತಕಗಳು ಅಲ್ಲಿ ಸಿಗಬಹುದು. ಕನ್ನಡದ ಓಸಿಆರ್ ಪಠ್ಯವನ್ನು ಒಬ್ಬರು ಕುಳಿತು ತಿದ್ದಬೇಕಾಗುವುದರಿಂದ ಅದಕ್ಕೆ ವಾರಗಳೇ ಹಿಡಿಯಬಹುದು. ಆದ್ದರಿಂದ ಮುಂದಿನ ಸೆಮಿಸ್ಟರಿನ ಪಠ್ಯಪಟ್ಟಿಯನ್ನು ತರಗತಿಗಳು ಆರಂಭವಾಗುವ ಮೊದಲೇ ಗ್ರಂಥಪಾಲಕರ ಕೈಗೆ ತಲುಪಿಸಿ.